ಕರಿಬಸಪ್ಪನವರ ಬೆರಳು

ಕರಿಬಸಪ್ಪನವರು ಹಕ್ಕಿ ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ನಮ್ಮ ಭಾನುವಾರದ ಗುಂಪಿನಲ್ಲಿ ಎಲ್ಲರ ಕೊರಳಲ್ಲೂ ದುರ್ಬೀನು ತೂಗುತ್ತಿದ್ದರೆ ಅವರ ಕೊರಳಲ್ಲಿ ಇರುತ್ತಿದ್ದದ್ದು ಲಿಂಗದ ಕರಡಿಗೆ ಮಾತ್ರ. ಕೈಗಳನ್ನು ಹಿಂದೆ ಕಟ್ಟಿಕೊಂಡು ಎಲ್ಲರಿಗಿಂತ ಹತ್ತು ಹೆಜ್ಜೆ ಮುಂದೆ ನಡೆಯುವರು. ಇದ್ದಕ್ಕಿದ್ದಂತೆ ನಿಂತು, ಹಿಂತಿರುಗಿ ನೋಡದೆ ಬಲಗೈಯ ತೋರುಬೆರಳು ಎತ್ತುವರು. ಹಿಂದೆ ವಟವಟ ಅನ್ನುತ್ತಾ ಬರುತ್ತಿದ್ದ ಹದಿನೈದು ಜನರೂ ಗಪ್‌ಚಿಪ್. "ಸೂರಕ್ಕಿ. ಎಡಗಡೆ ಹೊಂಗೆ, ಮೇಲಿನ ಕೊಂಬೆ" ಅನ್ನುವರು. ನಾವು ದುರ್ಬೀನು ಎತ್ತಿ ಹುಡುಕಿ ಹೈರಾಣಾಗಿ ಕೊನೆಗೆ ನೋಡಿದರೆ ಹಕ್ಕಿ ಅಲ್ಲೇ ಇರುತ್ತಿತ್ತು. ಗುಂಪಿನಲ್ಲಿ ಅವರಿಗೆ 'ಕಿವಿ ಸಾರ್' ಎಂದು ಹೆಸರು. ಎದುರಿಗೇ ಹಾಗೆ ಕರೆದರೂ ನಗುತ್ತಿದ್ದರು. ಆ ಹೆಸರು ಅವರಿಗೆ ಇಷ್ಟವಾಗಿತ್ತು.

ನಾನು ಕಾಂತರಾಜು. ಈ ಗುಂಪಿಗೆ ಸೇರಿದ್ದು ಹಕ್ಕಿಗಳ ಮೇಲಿನ ಪ್ರೀತಿಯಿಂದಲ್ಲ, ಸಕ್ಕರೆ ಕಾಯಿಲೆಯ ಹೆದರಿಕೆಯಿಂದ. ಡಾಕ್ಟರು ನಡೆಯಿರಿ ಅಂದರು, ನಡೆಯುತ್ತಿದ್ದವರ ಹಿಂದೆ ನಾನೂ ನಡೆದೆ. ಶ್ರೀಗಂಧದ ಕಾವಲಿನಲ್ಲಿ ಈಗ 'ಗೋಕಟ್ಟೆ ಪಾರ್ಕ್' ಎಂದು ಬೋರ್ಡು ಹಾಕಿರುವ ಜಾಗದಲ್ಲಿ ನಾನು ಚಿಕ್ಕವನಿದ್ದಾಗ ನಮ್ಮ ಎಮ್ಮೆಗಳು ನೀರು ಕುಡಿಯುತ್ತಿದ್ದವು. ಈಗ ಕಟ್ಟೆಯ ಸುತ್ತ ಸಿಮೆಂಟಿನ ದಾರಿ, ಕಲ್ಲುಬೆಂಚು, ಕೈಕಾಲು ಆಡಿಸುವ ಹಳದಿ ಬಣ್ಣದ ಕಬ್ಬಿಣದ ಯಂತ್ರಗಳು. ಆಚೆ ನಮ್ಮ ರಾಗಿ ಹೊಲ ಇದ್ದಲ್ಲಿ ಬ್ಯಾಡ್ಮಿಂಟನ್ ಕೋರ್ಟು ಎದ್ದಿದೆ. ನಾನು ದೂರಲಾರೆ, ಮಾರಿದವರು ನಾವೇ. ಹಳೆಯ ಮಾವು, ಹೊಂಗೆ, ಗೇಟಿನ ಪಕ್ಕದ ಗಸಗಸೆ ಹಣ್ಣಿನ ಮರ ಮಾತ್ರ ಹೇಗೋ ಉಳಿದುಕೊಂಡಿವೆ.

ನಮ್ಮ ಗುಂಪಿಗೆ ಒಂದು ಪದ್ಧತಿ ಇದೆ. ಯುಗಾದಿ ಕಳೆದ ಮೊದಲ ಭಾನುವಾರ ಬೇವು ಬೆಲ್ಲ ಹಂಚಿಕೊಂಡು ಪಾರ್ಕಿನ ಹಕ್ಕಿಗಳನ್ನು ಎಣಿಸುತ್ತೇವೆ. ಸುತ್ತು ಮುಗಿದ ಮೇಲೆ ಎಲ್ಲರೂ ಗಸಗಸೆ ಮರದ ಕೆಳಗಿನ ಬೆಂಚಿನ ಸುತ್ತ ಸೇರುತ್ತೇವೆ. ಕರಿಬಸಪ್ಪನವರು ಉದ್ದನೆಯ ಪುಸ್ತಕ ತೆರೆದು ಒಂದೊಂದೇ ಹಕ್ಕಿಯ ಹೆಸರು ಕೂಗುತ್ತಾರೆ. ಕಂಡವರು ಅಥವಾ ಕೇಳಿದವರು "ಇದೆ" ಅನ್ನಬೇಕು. ಯಾರೂ ಅನ್ನದಿದ್ದರೆ ಅವರು ಹೆಸರಿನ ಮುಂದೆ ಸೊನ್ನೆ ಸುತ್ತುತ್ತಾರೆ. ಹದಿಮೂರು ವರ್ಷಗಳಿಂದ ಹೀಗೇ ನಡೆದಿದೆ. "ಇರಬಹುದು ಅನ್ನೋದಕ್ಕೆ ಪುಸ್ತಕದಾಗೆ ಜಾಗ ಇಲ್ರಿ. ಒಂದು ಇದೆ, ಇಲ್ಲಾ ಸೊನ್ನೆ" ಎಂದು ಹೊಸಬರಿಗೆ ಪ್ರತಿ ಸಲ ಹೇಳುತ್ತಿದ್ದರು. ನನ್ನಂಥವನು ಬೆಳ್ಗಣ್ಣ ಹಕ್ಕಿ ಕಂಡ ಹಾಗಾಯಿತು ಅಂದರೆ ಮುಖ ಸಿಂಡರಿಸಿ ಸೊನ್ನೆಯನ್ನೇ ಸುತ್ತುವರು.

ಅವರು ಹರಪನಹಳ್ಳಿ ಕಡೆಯವರು. ಐಟಿಐ ಮುಗಿಸಿ ಇಪ್ಪತ್ತರ ವಯಸ್ಸಿಗೆ ಬಂದು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಪ್ರೆಸ್ ಶಾಪಿಗೆ ಸೇರಿದವರು, ಮೂವತ್ತೊಂದು ವರ್ಷ ಅಲ್ಲೇ ಕಳೆದರು. ತಗಡನ್ನು ಒತ್ತಿ ಕತ್ತರಿಸುವ ಯಂತ್ರಗಳು, ಒಂದೇ ಛಾವಣಿಯ ಕೆಳಗೆ ಒಂಬತ್ತು. ಅಲ್ಲಿ ಮಾತೆಲ್ಲ ಕೈಸನ್ನೆಯಲ್ಲೇ ಆಗಬೇಕಿತ್ತಂತೆ. ಕಿವಿಗೆ ಹತ್ತಿ ಇಟ್ಟುಕೊಳ್ಳಿ ಎಂದು ಮೇಸ್ತ್ರಿ ಹೇಳಿದರೂ ಇವರು ಇಡುತ್ತಿರಲಿಲ್ಲ. ಡೈ, ಅಂದರೆ ತಗಡು ಕತ್ತರಿಸುವ ಅಚ್ಚು, ಸವೆದಿದೆಯೋ ಇಲ್ಲವೋ ಎಂಬುದು ಪ್ರೆಸ್ಸಿನ ಸದ್ದಿನಲ್ಲೇ ಗೊತ್ತಾಗುತ್ತಿತ್ತು, ಹತ್ತಿ ಇಟ್ಟರೆ ಹೇಗೆ ಗೊತ್ತಾಗಬೇಕು ಅನ್ನುವುದು ಅವರ ವಾದ. ಕೆಲಸದಲ್ಲಿ ಅಷ್ಟು ಅಚ್ಚುಕಟ್ಟು.

ಹನ್ನೆರಡೂವರೆಗೆ ಊಟದ ಸೈರನ್ ಆಗಿ ಒಂಬತ್ತೂ ಯಂತ್ರಗಳು ನಿಂತಾಗ ಒಂದು ಕ್ಷಣ ಏನೂ ಇರುತ್ತಿರಲಿಲ್ಲವಂತೆ. ಆ ಖಾಲಿಯೊಳಗೆ ಮೊದಲು ಬಂದು ಬೀಳುತ್ತಿದ್ದ ಸದ್ದು, ಕಾಂಪೌಂಡಿನ ಪಕ್ಕದ ಗಸಗಸೆ ಮರದಿಂದ, ಚಿಕ್ ಚಿಕ್ ಚಿಕ್. ಏನದು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಯಾರಿಗೂ ಅದು ಕೇಳಿಸಿಯೇ ಇರಲಿಲ್ಲ. ಡಬ್ಬಿಯ ಬುತ್ತಿ ಕೈಯಲ್ಲಿ ಹಿಡಿದು ಮರದ ಕೆಳಗೆ ನಿಂತು ನಿಂತು, ನಾಲ್ಕು ವರ್ಷದ ಮೇಲೆ ಲೈಬ್ರರಿಯ ಪುಸ್ತಕದಲ್ಲಿ ಅದರ ಹೆಸರು ಸಿಕ್ಕಿತು. ಬದನಿಕೆ ಹಕ್ಕಿ. ಹೆಬ್ಬೆರಳಿಗಿಂತ ಒಂದಿಷ್ಟು ದೊಡ್ಡದು, ಮಣ್ಣಿನ ಬಣ್ಣ, ನೋಡಲು ಏನೇನೂ ಚೆಲುವಿಲ್ಲ. ಅವರು ಕಲಿತ ಮೊದಲ ಹಕ್ಕಿ ಅದು. ಮಿಕ್ಕ ಹಕ್ಕಿಗಳೆಲ್ಲ ಆಮೇಲೆ ಬಂದವು.

ಮದುವೆಯಾಗಲಿಲ್ಲ. ಯಾಕೆ ಎಂದು ನಾನೊಮ್ಮೆ ಕೇಳಿದ್ದಕ್ಕೆ "ಆಗ್ಲಿಲ್ಲ" ಅಂದರು, ಅಷ್ಟೇ. ಚಂದ್ರಾ ಲೇಔಟಿನಲ್ಲಿ ಇಂದ್ರಮ್ಮ ಎಂಬುವವರ ಮನೆಯ ಮಹಡಿ ಮೇಲಿನ ಒಂದು ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಒಬ್ಬರೇ ಇದ್ದಾರೆ. ಹರಿಹರದಲ್ಲಿರುವ ಅಕ್ಕ ಕಲ್ಯಾಣಮ್ಮನವರು ಸೋಮವಾರ ಸೋಮವಾರ ಫೋನು ಮಾಡುತ್ತಾರೆ. ಬೆಳಿಗ್ಗೆ ಪೇಪರನ್ನು ಗಟ್ಟಿಯಾಗಿ ಓದುತ್ತಾರೆ ಎಂದು ಇಂದ್ರಮ್ಮ ನನಗೆ ಹೇಳಿದ್ದರು. "ಯಾರೋ ಬಂದವ್ರೆ ಅಂತ ಮೊದ್ಮೊದ್ಲು ಕಾಫಿ ಮಾಡ್ಕೊಂಡು ಮೇಲಕ್ಕೆ ಹೋಗಿದ್ದೆ ಕಣಪ್ಪ. ನೋಡಿದ್ರೆ ಒಬ್ರೇ." ನಾನು ಅದನ್ನೇ ಹಿಡಿದು ಛೇಡಿಸಿದಾಗ ಅವರು ಹೇಳಿದ್ದು ಹೀಗೆ: "ಓದದಿದ್ರೆ ಸೋಮವಾರದಿಂದ ಶನಿವಾರದ ಮಟ ನಾಲಿಗೆಗೆ ಕೆಲಸ ಎಲ್ಲೈತಿ ಕಾಂತರಾಜು?" ನನ್ನ ನಗು ಅಲ್ಲಿಗೇ ನಿಂತಿತು. ವಾರಕ್ಕೊಂದು ದಿನ, ಭಾನುವಾರ ಬೆಳಿಗ್ಗೆ ಆರೂವರೆಗೆ, ಯಾರೋ ಹದಿನೈದು ಜನ ಗೇಟಿನ ಹತ್ತಿರ ನಿಂತು ಕಿವಿ ಸಾರ್ ಇನ್ನೂ ಬರಲಿಲ್ಲವಲ್ಲ ಎಂದು ಕಾಯುತ್ತಾರೆ. ಅವರಿಗಿದ್ದದ್ದು ಅಷ್ಟೇ.

ಹೋದ ವರ್ಷ ಸಂಕ್ರಾಂತಿಯ ಹೊತ್ತಿಗೆ ಪಾರ್ಕಿನ ಉಸ್ತುವಾರಿ ನೋಡುವ ಗೂಳಪ್ಪ ಆಳು ಕರೆಸಿ ಮಾವಿನ ಮರಗಳ ಬದನಿಕೆ ಕಡಿಸಿದ. ಬದನಿಕೆ ಅಂದರೆ ಬೇರೆ ಮರದ ಕೊಂಬೆಯ ಮೇಲೆ ಹುಟ್ಟಿ ಅದರ ರಸ ಹೀರಿ ಬದುಕುವ ಗಿಡ. ನಮ್ಮಪ್ಪನೂ ವರ್ಷಕ್ಕೊಮ್ಮೆ ಕುಡುಗೋಲು ಹಿಡಿದು ಮರ ಹತ್ತುತ್ತಿದ್ದರು, ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಆದರೆ ಆ ಗಿಡದ ಅಂಟಂಟು ಹಣ್ಣೇ ಬದನಿಕೆ ಹಕ್ಕಿಯ ಊಟ. ಆ ಯುಗಾದಿಯ ಎಣಿಕೆಯಲ್ಲಿ ಕರಿಬಸಪ್ಪನವರ ಬೆರಳು ಬದನಿಕೆ ಹಕ್ಕಿಗೆ ಒಮ್ಮೆಯೂ ಏಳಲಿಲ್ಲ. ನನಗೆ ಎಲ್ಲೋ ಚಿಕ್ ಅಂದಂತಾಯಿತು. ಕಿವಿ ಸಾರ್ ಬೆರಳು ಎತ್ತಲಿಲ್ಲವಲ್ಲ, ಅಳಿಲಿರಬೇಕು ಅಂದುಕೊಂಡೆ. ಉಳಿದವರೂ ಹಾಗೇ ಅಂದುಕೊಂಡಿದ್ದರು ಎಂದು ಆಮೇಲೆ ಗೊತ್ತಾಯಿತು. ನಮ್ಮ ಕಿವಿಗಳನ್ನು ನಾವು ಎಂದೋ ಅವರಿಗೆ ಒಪ್ಪಿಸಿಬಿಟ್ಟಿದ್ದೆವು. ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ಆ ಹೆಸರಿನ ಮುಂದೆ ಸೊನ್ನೆ ಬಿತ್ತು.

ಆಮೇಲೆ ಅವರು ಬೇರೆಯೇ ಮನುಷ್ಯರಾದರು. ಎಂದೂ ದನಿ ಏರಿಸದವರು ಗೂಳಪ್ಪನ ಎದುರು ನಿಂತು ಜಗಳ ಆಡಿದರು. "ಮರ ಒಣಗೋಯ್ತದೆ ಸಾರ್, ನನ್ನನ್ನ ಕೇಳ್ತಾರೆ" ಎಂದು ಅವನು. "ಹಕ್ಕಿ ಹೋಯ್ತಲ್ಲೋ, ಅದನ್ನ ಯಾರು ಕೇಳ್ಬೇಕು?" ಎಂದು ಇವರು. ನಾಲ್ಕು ಪುಟದ ಅರ್ಜಿ ಬರೆದು, ಅನ್ನಪೂರ್ಣೇಶ್ವರಿ ನಗರದವರೆಗೂ ಮನೆ ಮನೆಗೆ ಹೋಗಿ ಇನ್ನೂರು ಸಹಿ ಹಾಕಿಸಿಕೊಂಡು ಬಂದರು. ಕೊನೆಗೆ ಗೂಳಪ್ಪ, ಹೊಂಗೆಯಲ್ಲಿರುವ ಬದನಿಕೆಯನ್ನು ಮುಟ್ಟುವುದಿಲ್ಲ ಎಂದು ಒಪ್ಪಿಕೊಂಡ. ಹಕ್ಕಿ ಮಾತ್ರ ಅವರ ಪಾಲಿಗೆ ವಾಪಸು ಬರಲಿಲ್ಲ. ಅದೇ ದಿನಗಳಲ್ಲಿ ಅವರ ಕೈಗಡಿಯಾರದ ಅಲಾರಂ ಕೆಟ್ಟಿತೆಂದು ಎರಡು ಸಲ ಸೆಲ್ ಹಾಕಿಸಿದರು. ಅಂಗಡಿಯವನು ಸರಿಯಾಗೇ ಇದೆ ಅಂದದ್ದಕ್ಕೆ, ಈಗಿನವರಿಗೆ ಕೆಲಸ ಬರುವುದಿಲ್ಲ ಎಂದು ನನ್ನ ಹತ್ತಿರ ಗೊಣಗಿದರು. ನಾನು ಹೌದು ಹೌದು ಅಂದೆ. ಕೋಗಿಲೆ, ಕಾಗೆ, ಕುಟ್ರ ಹಕ್ಕಿಯ ಟೊಂಕ್ ಟೊಂಕ್ ಎಲ್ಲಕ್ಕೂ ಬೆರಳು ಏಳುತ್ತಿತ್ತು. ಯಾರಿಗೆ ತಾನೇ ಅನುಮಾನ ಬರಬೇಕು?

ಈ ವರ್ಷದ ಯುಗಾದಿಗೆ ನಮ್ಮಲ್ಲಿ ಹೊಸಬಳೊಬ್ಬಳಿದ್ದಳು. ವಚನಾ, ವಿಜಯನಗರದ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುವವಳು. ಹಕ್ಕಿ ಕೂಗಿದರೆ ಅವಳ ಫೋನು ತಾನೇ ಕೇಳಿಸಿಕೊಂಡು ಹೆಸರು ತೋರಿಸುತ್ತಿತ್ತು. ಕರಿಬಸಪ್ಪನವರು ಅದರ ಕಡೆ ಒಮ್ಮೆ ನೋಡಿ, "ಫೋನಿಗೆ ಕಿವಿ ಎಲ್ಲೈತಮ್ಮ?" ಎಂದು ನಕ್ಕು ಮುಂದೆ ನಡೆದರು. ಸುತ್ತು ಮುಗಿದು ಗೇಟಿನ ಹತ್ತಿರ ಬಂದಾಗ ಗಸಗಸೆ ಮರದ ಕೆಳಗೆ ನಿಂತು ಕತ್ತೆತ್ತಿ, ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. ವಚನಾ ನನ್ನ ತೋಳು ಮುಟ್ಟಿ ಫೋನು ತೋರಿಸಿದಳು. ಒಂದೇ ಹೆಸರು ಮತ್ತೆ ಮತ್ತೆ ಮಿನುಗುತ್ತಿತ್ತು. ಫೋನು ಯಾಕೆ, ನನಗೇ ಕೇಳಿಸುತ್ತಿತ್ತು. ದುರ್ಬೀನು ಎತ್ತಿದೆ. ಅವರ ನೆತ್ತಿಯಿಂದ ಆರಡಿ ಮೇಲೆ ಆ ಮಣ್ಣುಬಣ್ಣದ ಹಕ್ಕಿ, ಬಾಯಿ ತುಂಬ ಹಣ್ಣಿನ ರಸ, ಚಿಕ್ ಚಿಕ್ ಚಿಕ್.

ಕರಿಬಸಪ್ಪನವರು ಕಣ್ಣು ತೆರೆದರು. "ಇಲ್ರಿ. ಈ ವರ್ಷಾನೂ ಇಲ್ಲ."

ವಚನಾ ನನ್ನನ್ನು ಪಕ್ಕಕ್ಕೆ ಕರೆದಳು. "ಅಣ್ಣ, ಸಾರ್‌ಗೆ ಹೈ ಪಿಚ್, ಅಂದ್ರೆ ತೀರಾ ಸಣ್ಣ ದನಿ, ಕೇಳಿಸ್ತಾ ಇಲ್ಲ. ಫ್ಯಾಕ್ಟರಿಯಲ್ಲಿ ಇದ್ದವ್ರಿಗೆ ಹಿಂಗಾಗುತ್ತೆ. ಹೇಳೋಣ."

"ಸುಮ್ನಿರಮ್ಮ. ಇವತ್ತು ಹಬ್ಬದ ಎಣಿಕೆ. ಹದಿನೈದು ಜನದ ಮುಂದೆ ಹೇಳ್ತೀಯಾ?"

"ಆಮೇಲೆ ಹೇಳಿದ್ರೂ ಬೇಜಾರೇ ಅಲ್ವಾ?"

ಅವಳು ಹೇಳಿದ್ದೇ ಸರಿ. ಆದರೆ ನಾನು ದೊಡ್ಡವನಲ್ಲವೇ, ನನ್ನ ಮಾತೇ ನಡೆಯಬೇಕು. ಕಿವಿ ಸಾರ್ ಅನ್ನಿಸಿಕೊಳ್ಳದ ಕರಿಬಸಪ್ಪನವರನ್ನು ನೆನೆಸಿಕೊಳ್ಳಲು ನನಗೆ ಭಯವಾಯಿತು. ಅದೊಂದು ಹೋದರೆ ಆ ಕೋಣೆ, ಆ ಪೇಪರು, ಸೋಮವಾರದ ಫೋನು, ಅಷ್ಟೇ ಉಳಿಯುತ್ತಿತ್ತು. ಒಬ್ಬೊಬ್ಬರ ಹತ್ತಿರವೂ ಹೋಗಿ, ಬದನಿಕೆ ಹಕ್ಕಿಗೆ ಇದೆ ಅನ್ನಬೇಡಿ ಎಂದು ಪಿಸುಗುಟ್ಟಿದೆ. ಎಲ್ಲರೂ ತಲೆಯಾಡಿಸಿದರು.

ಬೆಂಚಿನ ಸುತ್ತ ಸೇರಿದೆವು. ಪುಸ್ತಕ ತೆರೆಯಿತು. ಪಿಕಳಾರ, ಇದೆ. ಮಡಿವಾಳ, ಇದೆ. ಮಿಂಚುಳ್ಳಿ, ಇದೆ. ಆಮೇಲೆ ಅವರು ಒಂದು ಗಳಿಗೆ ತಡೆದು, "ಬದನಿಕೆ ಹಕ್ಕಿ?" ಅಂದರು.

ಯಾರೂ ಮಾತಾಡಲಿಲ್ಲ. ಆ ಮೌನದಲ್ಲಿ ಹಕ್ಕಿ ತಾನೇ ಕೂಗಿತು, ನಮ್ಮೆಲ್ಲರ ತಲೆಯ ಮೇಲೆ, ಒಂದಲ್ಲ, ಆರು ಏಳು ಸಲ. ಹದಿನೈದು ಜನ ತಲೆ ತಗ್ಗಿಸಿ ಚಪ್ಪಲಿ ನೋಡಿಕೊಂಡೆವು. ಕರಿಬಸಪ್ಪನವರು ಒಬ್ಬೊಬ್ಬರ ಮುಖವನ್ನೂ ಆಸೆಯಿಂದ ನೋಡಿದರು. ಯಾರಾದರೂ ಒಬ್ಬರು ಇದೆ ಅನ್ನಲಿ ಎಂದು ಕಾಯುವವರಂತೆ ಕಂಡರು. ಕೊನೆಗೆ ಸೊನ್ನೆ ಸುತ್ತಿದರು. ನಾನು ದೊಡ್ಡ ಉಪಕಾರ ಮಾಡಿದೆ ಅಂದುಕೊಂಡು ಮನೆಗೆ ಹೋಗಿ ಹೋಳಿಗೆ ತಿಂದೆ.

ಎರಡು ವಾರದ ನಂತರ ಒಂದು ಗುರುವಾರ ಬೆಳಿಗ್ಗೆ ಅವರು ನಮ್ಮ ಮನೆಗೆ ಬಂದರು. ಅದಕ್ಕೆ ಮೊದಲು ಎಂದೂ ಬಂದವರಲ್ಲ. ಒಳಗೆ ಕರೆದರೂ ಬರಲಿಲ್ಲ, ಗೇಟು ಹಿಡಿದುಕೊಂಡೇ ನಿಂತರು. ಮಾತಿನಲ್ಲಿ ಊರಿನ ಕಡೆಯ ದನಿ ಪೂರ್ತಿ ವಾಪಸು ಬಂದಿತ್ತು.

"ಕಾಂತರಾಜು, ಹಕ್ಕಿ ಕಂಡೆ."

"ಯಾವ ಹಕ್ಕಿ ಸಾರ್?" ಎಂದೆ, ಗೊತ್ತಿದ್ದೂ.

"ಹೊಂಗೆ ಮರದಾಗಿನ ಬದನಿಕೆ ಹೆಂಗೈತಿ ನೋಡಾಕ ಹೋಗಿದ್ದೆ. ತಗ್ಗಿನ ಕೊಂಬಿ ಮ್ಯಾಲ ಕುಂತಿತ್ತು, ಇಷ್ಟು ಹತ್ರ." ತಮ್ಮ ಕೈಯಳತೆ ತೋರಿಸಿದರು. "ಬಾಯಿ ತೆರೀತೈತಿ, ಮುಚ್ಚತೈತಿ. ಸಪ್ಪಳಾನ ಇಲ್ಲ. ಹಕ್ಕಿಗೇ ಏನೋ ಆಗೇತಿ ಅಂದ್ಕಂಡೆ ಮೊದ್ಲು. ಗಂಟಲಾಗ ಏನಾರ ಸಿಕ್ಕೊಂಡೈತೇನೋ ಅಂದ್ಕಂಡೆ." ನಗಲು ನೋಡಿದರು, ಆಗಲಿಲ್ಲ. "ಆಮ್ಯಾಲ ಗಡಿಯಾರದ ಅಲಾರಂ ನೆನಪಾತು."

ನಾನು ಗೇಟಿನ ಚಿಲಕ ತೆಗೆದು ದಾರಿ ಬಿಟ್ಟೆ.

"ಎಣಿಕೆ ದಿನ ನಿಮಗ ಕೇಳಿತ್ತೇನು?"

ಸುಳ್ಳು ನಾಲಿಗೆಯ ತುದಿಯವರೆಗೂ ಬಂತು. ಅವರ ಕಣ್ಣು ನೋಡಿ ನುಂಗಿಕೊಂಡೆ. "ಕೇಳಿತ್ತು ಸಾರ್."

"ಎಲ್ಲಾರಿಗೂ?"

"ಎಲ್ಲರಿಗೂ."

ಅವರು ನಮ್ಮ ಮನೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತಾ ಹೋದಳು. "ಹದಿನೈದು ಮಂದಿ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ನನ್ನ ಕಡೆ ತಿರುಗಿ, "ನನ್ನ ಕಿವಿ ಹೋದ್ರ ಹೋಗ್ಲಿ. ಪುಸ್ತಕ ಯಾಕ ಕೆಡಿಸಿದ್ರಿ?" ಎಂದು ಕೇಳಿದರು.

ನಿಮ್ಮ ಮೇಲಿನ ಪ್ರೀತಿಗೆ ಅನ್ನಬಹುದಿತ್ತು. ಆದರೆ ಅದು ಕನಿಕರವಾಗಿತ್ತು. ಹದಿಮೂರು ವರ್ಷ ಅವರ ಬೆರಳನ್ನು ನಂಬಿ ನಿಂತವರು ನಾವು, ನಮ್ಮ ಮಾತನ್ನು ಅವರು ಒಂದು ಸಲ ನಂಬಿದರು, ಆ ಒಂದು ಸಲವೂ ನಾವು ಉಳಿಸಿಕೊಳ್ಳಲಿಲ್ಲ. ನಾಚಿಕೆಯಿಂದ ನನಗೆ ಅಂದು ಊಟ ಸೇರಲಿಲ್ಲ.

ವಚನಾ ಹಟ ಹಿಡಿದು ಅವರನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಕಿವಿಗೆ ಯಂತ್ರ ಹಾಕಿಕೊಂಡರೆ ಮಾತು ಸ್ಪಷ್ಟವಾಗುತ್ತದೆ, ಅಷ್ಟು ಸಣ್ಣನೆಯ ಸದ್ದು ಮಾತ್ರ ಇನ್ನು ವಾಪಸು ಬಾರದು ಎಂದರಂತೆ ಡಾಕ್ಟರು. ಒಂದೇ ದಿನದಲ್ಲಿ ಆದದ್ದಲ್ಲ, ಯಂತ್ರಗಳ ನಡುವೆ ಕಳೆದ ಆ ಮೂವತ್ತೊಂದು ವರ್ಷಗಳ ಫಲವಂತೆ. ಆ ಹಕ್ಕಿಯನ್ನು ಅವರಿಗೆ ಕೇಳಿಸಿದ್ದೂ ಅದೇ ಪ್ರೆಸ್ ಶಾಪು, ಕಿತ್ತುಕೊಂಡದ್ದೂ ಅದೇ. ಇದನ್ನು ನೆನೆದಾಗಲೆಲ್ಲ ನನಗೆ ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು ಬರುತ್ತದೆ.

ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ನಾವು ಏಳು ಗಂಟೆಯವರೆಗೆ ಕಾದು ಸುತ್ತು ಹೊರಟೆವು. ಎಲ್ಲಿ ನಿಲ್ಲಬೇಕೆಂದು ಯಾರಿಗೂ ತಿಳಿಯಲಿಲ್ಲ. ಸುಮ್ಮನೆ ನಡೆದು ನಡೆದು ಮೊದಲಿನ ಅರ್ಧದಷ್ಟು ಹೊತ್ತಿನಲ್ಲೇ ಗೇಟಿಗೆ ಬಂದುಬಿಟ್ಟೆವು.

ಮೂರನೆಯ ವಾರ ಗೂಳಪ್ಪ ನನ್ನನ್ನು ತಡೆದು ಒಂದು ಕಾಗದ ತೋರಿಸಿದ. "ನಿಮ್ ಸಾರ್ ಕೊಟ್ಟು ಹೋದ್ರು. ಏನ್ ಮಾಡ್ಲಿ ಇದನ್ನ?" ಕರಿಬಸಪ್ಪನವರ ದುಂಡಗಿನ ಅಕ್ಷರ. ಹಕ್ಕಿ ಹೋಗಿದೆ ಎಂದು ನಾನು ಬರೆದದ್ದು ತಪ್ಪು, ಹಕ್ಕಿ ಎಂದೂ ಹೋಗಿರಲಿಲ್ಲ, ನಿಮ್ಮ ಮೇಲೆ ಕೂಗಾಡಿದ್ದಕ್ಕೆ ಕ್ಷಮೆ ಇರಲಿ, ಎಂದಿತ್ತು. ಕೊನೆಯಲ್ಲಿ ಇನ್ನೊಂದು ಸಾಲು: 'ಹಕ್ಕಿ ಇದೆ. ಇದೆ ಎಂಬ ಕಾರಣಕ್ಕೇ ಉಳಿದ ಬದನಿಕೆಯನ್ನು ದಯವಿಟ್ಟು ಕಡಿಯಬೇಡಿ.' ಗೂಳಪ್ಪ ಅದನ್ನು ಮಡಿಸಿ ಜೇಬಿಗೆ ಇಟ್ಟುಕೊಂಡ. "ಕಡಿಯಲ್ಲ ಬಿಡಿ" ಅಂದ.

ಅಂದು ಸಂಜೆಯೇ ನಾನು ಚಂದ್ರಾ ಲೇಔಟಿಗೆ ಹೋದೆ. ಇಂದ್ರಮ್ಮ ಮೇಲಕ್ಕೆ ಕೈ ತೋರಿಸಿ, "ಪೇಪರ್ ಓದೋದೂ ನಿಲ್ಸವ್ರೆ ಕಣಪ್ಪ" ಅಂದರು. ಕೋಣೆಯಲ್ಲಿ ಮಂಚ, ಸ್ಟವ್, ಒಂದು ಕುರ್ಚಿ. ಬಂದವರು ಕೂರಲು ಎರಡನೆಯ ಕುರ್ಚಿ ಇರಲಿಲ್ಲ. ಮಂಚದ ಮೇಲೆ ಎಣಿಕೆಯ ಪುಸ್ತಕ ತೆರೆದಿತ್ತು. ಎರಡು ವರ್ಷದ ಎರಡೂ ಸೊನ್ನೆಗಳನ್ನು ಕೆಂಪು ಶಾಯಿಯಲ್ಲಿ ಹೊಡೆದು ಪಕ್ಕದಲ್ಲಿ ಬರೆದಿದ್ದರು: 'ಇತ್ತು. ಕೇಳುವವನಿಗೆ ಕಿವಿ ಇರಲಿಲ್ಲ.'

"ಭಾನುವಾರ ಬನ್ನಿ ಸಾರ್. ನೀವಿಲ್ಲದೆ ನಮಗೆ ನಿಲ್ಲೋಕೇ ಬರಲ್ಲ" ಎಂದೆ. ಇದು ನಿಜವಾದ ಮಾತಾಗಿತ್ತು, ಆದರೂ ಅವರು ನನ್ನ ಮುಖವನ್ನು ಪರೀಕ್ಷೆ ಮಾಡುವವರಂತೆ ನೋಡಿದರು. ಇನ್ನು ಮುಂದೆ ನಾನು ಹೇಳುವ ಪ್ರತಿ ಮಾತಿಗೂ ಹೀಗೇ ನೋಡುತ್ತಾರೆ ಎಂದು ಆಗ ಅರಿವಾಯಿತು.

"ಭಾನುವಾರ ಬ್ಯಾಡ" ಅಂದರು. "ಈಗ ಹೋಗೋಣ ನಡೀರಿ. ಬೆಳಕೈತಿ."

ನನ್ನ ಸ್ಕೂಟರಿನಲ್ಲಿ ಪಾರ್ಕಿಗೆ ಬಂದೆವು. ಗಸಗಸೆ ಮರದ ಕೆಳಗಿನ ಬೆಂಚಿನಲ್ಲಿ ಪಕ್ಕಪಕ್ಕ ಕುಳಿತೆವು. ಸಂಜೆ ನಡೆಯುವವರು ಮೂರು ಸುತ್ತು ಹಾಕಿ ನಮ್ಮನ್ನು ದಾಟಿ ಹೋದರು. ದೂರದಲ್ಲೊಂದು ಕೋಗಿಲೆ ಕೂಗಿದಾಗ ಅವರ ಬೆರಳು ತಾನಾಗಿ ಎದ್ದು, ಅರ್ಧಕ್ಕೆ ಇಳಿಯಿತು.

"ಒಂದು ಕೆಲಸ ಮಾಡ್ರಿ ಕಾಂತರಾಜು. ಬದನಿಕೆ ಹಕ್ಕಿ ಕೂಗಿದ್ರ ಬೆರಳು ಎತ್ರಿ. ನಾನು ನೋಡ್ತೀನಿ."

"ಆಯ್ತು ಸಾರ್."

"ಕೂಗದಿದ್ರ ಎತ್ತಬ್ಯಾಡ್ರಿ."

ಬಲಗೈಯನ್ನು ಮಂಡಿಯ ಮೇಲೆ ಇಟ್ಟುಕೊಂಡು ಕಿವಿಗೊಟ್ಟು ಕುಳಿತೆ. ಅವರು ಮರ ನೋಡುತ್ತಿರಲಿಲ್ಲ, ನನ್ನ ಬೆರಳನ್ನು ನೋಡುತ್ತಿದ್ದರು. ಮಾಗಡಿ ರಸ್ತೆಯ ಬಸ್ಸುಗಳ ಸದ್ದು, ಬ್ಯಾಡ್ಮಿಂಟನ್ ಆಡುವವರ ಕೇಕೆ, ಕಾಗೆ, ಗಿಣಿ ಎಲ್ಲ ಕೇಳಿಸಿದವು. ಎಣಿಕೆಯ ದಿನ ಬೇಡ ಬೇಡ ಅಂದರೂ ಕೂಗಿದ ಹಕ್ಕಿ ಅಂದು ಬಾಯಿ ಬಿಡಲಿಲ್ಲ. ಅರ್ಧ ಗಂಟೆಯಾಯಿತು. ಒಂದೇ ಒಂದು ಸಲ ಎತ್ತಿಬಿಡಲೇ ಅನ್ನಿಸಿತು. ಎತ್ತಿದ್ದರೆ ಆ ಮುಖ ಅರಳುತ್ತಿತ್ತು, ಅದು ನನಗೆ ಗೊತ್ತಿತ್ತು. ಕತ್ತಲು ಕವಿದು ಪಾರ್ಕಿನ ದೀಪ ಹತ್ತುವವರೆಗೂ ನಾವು ಇಬ್ಬರೂ ಹಾಗೇ ಕುಳಿತಿದ್ದೆವು, ನನ್ನ ಬೆರಳು ಮಂಡಿಯ ಮೇಲೇ ಇತ್ತು.